ನಡುವಿನ ಜಾಗ

ನಮ್ಮೂರಿನಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದು ತೀರ್ಮಾನವಾಗುವುದು ಕೆರೆ ಏರಿಯ ಮೇಲೆ. ಊರು ಯಾವುದು ಎಂದು ಕೇಳಬೇಡಿ. ನೀವು ಯಾವತ್ತಾದರೂ ಯಾರದಾದರೂ ಕೈ ಹಿಡಿಯಲು ಹೋಗಿ, ‘ನೀನು ಯಾರು?’ ಎಂದು ಕೇಳಿಸಿಕೊಂಡಿದ್ದರೆ ಈ ಊರಿನ ದಾರಿ ನಿಮಗೆ ಗೊತ್ತಿರುತ್ತದೆ.

ಮಳೆ ನಿಂತು, ಕೆರೆ ಕೋಡಿ ಬಿದ್ದ ಮೇಲೆ, ಮೊದಲ ಬಿಸಿಲಿನ ಬೆಳಿಗ್ಗೆ ಊರಿಗೆ ಊರೇ ಏರಿಯ ಮೇಲೆ ಸಾಲಾಗಿ ನಿಲ್ಲುತ್ತದೆ. ಏರಿಯ ಉದ್ದಕ್ಕೂ ಒಂದು ಸುಣ್ಣದ ಗೆರೆ. ಆ ಗೆರೆಯ ಮೇಲೆ ಕಾಲಿಟ್ಟು ಅಪ್ಪ ಅಮ್ಮಂದಿರು ಮಕ್ಕಳ ಕೈ ಹಿಡಿಯುತ್ತಾರೆ, ಆ ಮಕ್ಕಳು ತಮ್ಮ ಮಕ್ಕಳ ಕೈ ಹಿಡಿಯುತ್ತಾರೆ. ಅತ್ತೆ ಸೊಸೆಯರು ತುದಿಬೆರಳಲ್ಲಿ ಹಿಡಿಯುತ್ತಾರೆ, ಅದೂ ನಡೆಯುತ್ತದೆ. ಹಿಡಿದ ಕೈ, ಆ ಕೈ ಹಿಡಿದ ಕೈ, ಅದು ಹಿಡಿದ ಇನ್ನೊಂದು ಕೈ, ಹೀಗೆ ಸಾಲು ತುಂಡಾಗದೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗಿನವರು ಆ ವರ್ಷಕ್ಕೆ ನಿಮ್ಮವರು. ಅವರ ಹೊಸಿಲು ದಾಟಬಹುದು, ಅವರಿಗೆ ತುತ್ತು ಕೊಡಬಹುದು, ಮುದ್ದಿನ ಹೆಸರಿಟ್ಟು ಕರೆಯಬಹುದು, ಬೇಕಾದರೆ ಬೈಯಲೂಬಹುದು. ಸಾಲು ತುಂಡಾದ ಕಡೆಯಿಂದ ಆಚೆಗೆ ಎಲ್ಲರೂ ಪರರು.

ಸತ್ತವರಿಗೂ ಸಾಲಿನಲ್ಲಿ ಜಾಗವಿದೆ. ಮನೆಯವರು ಬಯಸಿದರೆ ಅವರು ನಿಲ್ಲುತ್ತಿದ್ದಲ್ಲಿ ಒಬ್ಬರ ನಿಲುವಿನಷ್ಟು ಜಾಗ ಖಾಲಿ ಬಿಡಬಹುದು. ಹಾಗೆ ಜಾಗ ಬಿಟ್ಟವರಿಗೆ ಮಾತ್ರ ಆ ಸತ್ತವರ ಹೆಸರೆತ್ತುವ ಹಕ್ಕು. ಮಿಕ್ಕವರು ಬಾಯಿ ಮುಚ್ಚಿಕೊಂಡಿರಬೇಕು. ಹಿಂದೊಂದು ಕಾಲದಲ್ಲಿ ಸತ್ತವರ ಬಗ್ಗೆ ಬಾಯಿಗೆ ಬಂದಂತೆ ಮಾತಾಡಿ ಊರಲ್ಲಿ ತಲೆಗಳು ಉರುಳಿದವಂತೆ, ಅದಕ್ಕೇ ಈ ಕಟ್ಟಳೆ. ಇನ್ನೊಂದು ಕಟ್ಟಳೆ ಏನೆಂದರೆ, ಖಾಲಿ ಬಿಟ್ಟ ಜಾಗದ ಮೇಲೆ ಹಾದು ಆಚೆಯವರಿಗೆ ಕೈ ಚಾಚುವಂತಿಲ್ಲ. ಅಲ್ಲಿ ಒಬ್ಬರು ನಿಂತಿದ್ದಾರೆ ಎಂದೇ ಲೆಕ್ಕ, ನಿಂತವರ ಎದೆ ಮೇಲೆ ಕೈ ಹಾಯಿಸುವುದುಂಟೇ?

ಹಾಗಾದರೆ ಮಗಳೊಬ್ಬಳು ಸತ್ತರೆ ಅವಳ ಮಗು ಅಜ್ಜ ಅಜ್ಜಿಗೆ ಪರದೇಶಿಯಾಗಿಬಿಡುತ್ತದೆಯೇ ಎಂದು ನೀವು ಕೇಳಬಹುದು. ಇಲ್ಲ. ಅಳಿಯನಾದವನು ಆ ಖಾಲಿ ಜಾಗವನ್ನು ಸುತ್ತುಬಳಸಿ ಬಂದು ಅತ್ತೆ ಮಾವನ ಇನ್ನೊಂದು ಕೈ ಹಿಡಿದುಕೊಳ್ಳುತ್ತಾನೆ. ಸಾಲು ಅಲ್ಲಿ ಸ್ವಲ್ಪ ಸೊಟ್ಟಗಾಗುತ್ತದೆ, ತುಂಡಾಗುವುದಿಲ್ಲ. ನಮ್ಮೂರ ಸಾಲಿನಲ್ಲಿ ಇಂಥ ಸೊಟ್ಟುಗಳು ಬೇಕಾದಷ್ಟಿವೆ. ಆದರೆ ಅಳಿಯ ಕೈ ಕೊಡದಿದ್ದರೆ ಏನು ಮಾಡಬೇಕು ಎಂಬುದನ್ನು ಕಟ್ಟಳೆ ಮಾಡಿದವರು ಯೋಚಿಸಿರಲಿಲ್ಲ. ಅವರಿಗೆ ಮೊಮ್ಮಕ್ಕಳಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ನಾನು ಹೇಳಹೊರಟ ಅಜ್ಜ, ಏರಿಯ ಮೇಲೆ ಸುಣ್ಣದ ಗೆರೆ ಎಳೆಯುವವನು. ಅವನ ಅಪ್ಪನೂ ಅದನ್ನೇ ಮಾಡುತ್ತಿದ್ದ. ಗೆರೆ ಕೂದಲೆಳೆಯಷ್ಟು ಡೊಂಕಾದರೂ ಒರೆಸಿ ಮತ್ತೆ ಎಳೆಯುವ ಮನುಷ್ಯ. ಕಟ್ಟಳೆ ಎಂದರೆ ಅವನಿಗೆ ಊಟಕ್ಕಿಂತ ಹೆಚ್ಚು. ಅಜ್ಜಿ ಅದಕ್ಕೆ ತದ್ವಿರುದ್ಧ. ರಂಗೋಲಿ ಹಾಕಿದರೆ ಚುಕ್ಕಿ ಒಂದು ಕಡೆ, ಎಳೆ ಒಂದು ಕಡೆ. ಇವರಿಗೆ ಒಬ್ಬಳೇ ಮಗಳು. ಆ ಮಗಳು ತನ್ನ ಮಗು ಇನ್ನೂ ಅಂಬೆಗಾಲಿಡುತ್ತಿದ್ದಾಗ ಜ್ವರ ಬಂದು ಸತ್ತಳು. ಅವಳ ಬಗ್ಗೆ ನಾನು ಇಷ್ಟೇ ಹೇಳಬಹುದು, ಹೆಚ್ಚು ಹೇಳುವ ಹಕ್ಕು ನನಗಿಲ್ಲ.

ಆ ವರ್ಷ ಅಜ್ಜ ಅಜ್ಜಿ ಮಗಳ ಜಾಗ ಖಾಲಿ ಬಿಟ್ಟು ನಿಂತರು. ಅಳಿಯ ಮಗುವನ್ನೆತ್ತಿಕೊಂಡು ಆಚೆ ನಿಂತಿದ್ದ. ಬಳಸಿ ಬರಲಿಲ್ಲ. ದುಃಖದಲ್ಲಿದ್ದಾನೆ, ಬರುವ ವರ್ಷ ಬರುತ್ತಾನೆ ಎಂದುಕೊಂಡರು. ಬರುವ ವರ್ಷ ಅವನ ಪಕ್ಕ ಹೊಸ ಹೆಂಡತಿ ನಿಂತಿದ್ದಳು. ಮಗು ಅವಳ ಬೆರಳು ಹಿಡಿದಿತ್ತು. ಅಜ್ಜಿ ಆ ಖಾಲಿ ಜಾಗದ ಮೇಲೆ ಹಾಯಿಸಿ ಕೈ ಚಾಚಿಯೇಬಿಟ್ಟಳು. ಸಾಲು ಕಾಯುವವನು ಕೋಲಿನಿಂದ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. ಹೊಡೆಯಲಿಲ್ಲ, ನಮ್ಮೂರಲ್ಲಿ ಹಾಗೆಲ್ಲ ಹೊಡೆಯುವುದಿಲ್ಲ. ಅಜ್ಜ ತಾನೇ ಎಳೆದ ಗೆರೆಯನ್ನು ನೋಡುತ್ತ ನಿಂತಿದ್ದ.

ಹೀಗೇ ವರ್ಷಗಳು ಕಳೆದವು. ಮಗು ಲಂಗ ತೊಡುವಷ್ಟಾದಳು, ಜಡೆ ಹಾಕಿಸಿಕೊಳ್ಳುವಷ್ಟಾದಳು. ಅಜ್ಜಿ ದೂರದಿಂದ ನೋಡುತ್ತಿದ್ದಳು. ಬೀದಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕು, ಪರರ ಮಗು. ಒಂದು ದಿನ ಹುಡುಗಿ ಎಡವಿ ಬಿದ್ದು ಮಂಡಿ ತರಚಿಕೊಂಡಾಗ ಅಜ್ಜಿ ಎದುರು ಜಗಲಿಯಲ್ಲೇ ಇದ್ದಳು. ಕಂಬವನ್ನು ಅಪ್ಪಿಹಿಡಿದು ನಿಂತಳು, ಇಲ್ಲದಿದ್ದರೆ ಕಾಲು ತಾನಾಗೇ ಓಡುತ್ತಿತ್ತು. ಅವತ್ತು ಮನೆಗೆ ಬಂದವಳೇ ಗಂಡನಿಗೆ, “ಏಳ್ರೀ, ನ್ಯಾಯಕಟ್ಟೆಗೆ ಹೋಗೋಣ” ಎಂದಳು.

ನ್ಯಾಯಕಟ್ಟೆಯ ಮೇಲೆ ಸಾಲಿನ ಯಜಮಾನ ಕೂರುತ್ತಾನೆ. ಎಲೆಅಡಿಕೆ ಬಾಯಲ್ಲಿಟ್ಟುಕೊಂಡೇ ಕೇಳಿದ.

“ಯಾರ ಮೇಲಮ್ಮ ದೂರು?”

“ದೂರೇನಿಲ್ಲ ಯಜಮಾನ್ರೇ. ಮೊಮ್ಮಗಳನ್ನ ನೋಡಬೇಕು” ಎಂದಳು ಅಜ್ಜಿ.

ಯಜಮಾನ ಸುತ್ತ ಇದ್ದವರನ್ನು ನೋಡಿ ನಕ್ಕ. “ಅಸಲಿಗಿಂತ ಬಡ್ಡಿ ಮೇಲೇ ಆಸೆ ಅಂತಾರಲ್ಲ, ಸುಳ್ಳಲ್ಲ ನೋಡಿ.”

“ಅಸಲು ಮಣ್ಣಿಗೆ ಹೋಯ್ತು, ಯಜಮಾನ್ರೇ. ನನಗೆ ಉಳಿದಿರೋದು ಅದೊಂದೇ.”

ಯಾರೂ ನಗಲಿಲ್ಲ. ಯಜಮಾನ ಎಲೆಅಡಿಕೆ ಉಗಿದು ಬಂದು ನೆಟ್ಟಗೆ ಕೂತ. ಅಳಿಯನನ್ನು ಕರೆಸಿದರು. ಅವನ ಜೊತೆ ಅವನ ತಾಯಿಯೂ ಬಂದಳು. ಬಂದವಳೇ ಸೆರಗು ಬಿಗಿದು, “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಕೊಟ್ಟ ಹೆಣ್ಣೇ ಹೊರಗು ಅಂದಮೇಲೆ ಅವಳ ಮಗು ಇವರಿಗೆ ಹೇಗೆ ಒಳಗಾಗುತ್ತೆ?” ಎಂದಳು. ತರ್ಕದಲ್ಲಿ ಏನೂ ತಪ್ಪಿರಲಿಲ್ಲ. ನಮ್ಮೂರಲ್ಲಿ ಕಲ್ಲುಮನಸ್ಸಿನ ಮಾತುಗಳೆಲ್ಲ ತರ್ಕಬದ್ಧವಾಗಿಯೇ ಇರುತ್ತವೆ.

ಅಳಿಯ ಮಾತ್ರ ತಲೆ ತಗ್ಗಿಸಿಕೊಂಡೇ ಹೇಳಿದ. ಅವನನ್ನು ಕೆಟ್ಟವನು ಎನ್ನಲು ನನ್ನಿಂದಾಗದು. “ಮಗು ನನ್ನ ಈಗಿನ ಹೆಂಡ್ತೀನೇ ಅಮ್ಮ ಅನ್ನುತ್ತೆ, ಯಜಮಾನ್ರೇ. ಸಂಸಾರ ಈಗಷ್ಟೇ ಒಂದು ಹದಕ್ಕೆ ಬಂದಿದೆ. ಇವರು ಬಂದ್ರೆ ಇವರ ಹಿಂದೆ ಆ ಸತ್ತವಳೂ ಬರ್ತಾಳೆ. ಅತ್ತೆ ನಕ್ಕರೆ ಅವಳ ಥರಾನೇ ನಗ್ತಾರೆ. ಮಾವ ಮಾತಾಡಿದ್ರೆ ಅವಳದೇ ಕೊಂಕು. ನನ್ನ ಕೈಲಾಗಲ್ಲ. ಕೈ ಕೊಡಲ್ಲ ಅಂತಲ್ಲ, ಕೊಡೋಕಾಗಲ್ಲ.”

ಯಜಮಾನ ಆಮೇಲೆ ತೀರ್ಪು ಹೇಳಿದ. ಆ ತೀರ್ಪನ್ನು ಊರಿನವರು ಈಗಲೂ ಬಾಯಿಪಾಠ ಹೇಳುತ್ತಾರೆ.

“ಜಾಗ ಇದ್ದರೆ ಕೈ ಇಲ್ಲ. ಕೈ ಬೇಕಾದರೆ ಜಾಗ ಇಲ್ಲ. ನೀವು ಒಂದು ಹೆಜ್ಜೆ ಸರಿದು ಆ ಖಾಲಿ ಜಾಗ ಮುಚ್ಚಿಬಿಡಿ. ಆಗ ನೀವೂ ಮಗುವೂ ಅಕ್ಕಪಕ್ಕ. ನಡುವೆ ಯಾರಿಲ್ಲದಿದ್ದರೆ ಕೈ ಹಿಡಿಯೋಕೆ ಯಾರ ಅಪ್ಪಣೆಯೂ ಬೇಡ. ಇವನ ಸಂಸಾರ ಕೆಡಬಾರದು, ಅದಕ್ಕೇ ಹೊಸಿಲು ದಾಟದೆ ಪ್ರತಿ ಹುಣ್ಣಿಮೆಯ ಮಾರನೇ ದಿನ ಮಧ್ಯಾಹ್ನ ಕೆರೆ ಮಗ್ಗುಲಿನ ಮಂಟಪದಲ್ಲಿ ಮಗುವನ್ನ ನೋಡಬಹುದು. ಆದರೆ ಜಾಗ ಮುಚ್ಚಿದ ಮೇಲೆ ಅಲ್ಲಿ ಯಾರೂ ನಿಂತಿರಲಿಲ್ಲ ಅಂತಲೇ ಅರ್ಥ. ನಿಮಗೆ ಮಗಳು ಹುಟ್ಟಿರಲಿಲ್ಲ. ಹೆಸರು ಎತ್ತಬಾರದು, ನೆನಪು ಹೇಳಬಾರದು. ಎತ್ತಿದ ದಿನ ಸಾಲು ತುಂಡು, ಮತ್ತೆ ಈ ಜನ್ಮಕ್ಕೆ ಸೇರೋದಿಲ್ಲ.”

ಅತ್ತ ದರಿ, ಇತ್ತ ಪುಲಿ. ಗಂಡ ಹೆಂಡತಿ ಮನೆಗೆ ನಡೆದರು.

ಮನೆಯಲ್ಲಿ ಅಜ್ಜಿ ಹೊಸಿಲ ಮೇಲೇ ಕೂತುಬಿಟ್ಟಳು. “ನನ್ನ ಬಾಯಿಂದ ಬರಲ್ಲ ಕಣ್ರೀ. ಹುಟ್ಟಿರಲಿಲ್ಲ ಅಂತ ಹೇಗೆ ಹೇಳಲಿ? ನನ್ನ ಹೊಟ್ಟೆಗೆ ಗೊತ್ತಿಲ್ವಾ?”

“ನೋಡು” ಎಂದ ಅಜ್ಜ. ಅವನು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ. “ಸತ್ತವಳು ಇನ್ನೆಲ್ಲಿಗೂ ಹೋಗಲ್ಲ. ನಾವು ಬಾಯಲ್ಲಿ ಇಲ್ಲ ಅಂದ್ರೂ ಎದೇಲಿ ಇರ್ತಾಳೆ. ಇರೋಳು ಹಾಗಲ್ಲ. ದಿನಾ ದೊಡ್ಡವಳಾಗ್ತಾಳೆ. ಇವತ್ತು ನೋಡದೇ ಹೋದ ಮಗು ನಾಳೆ ಇರಲ್ಲ. ಕಟ್ಟಳೆ ಬಾಯಿಗೆ ಮಾತ್ರ ಕಣೇ. ಎದೆಗೆ ಯಾರು ಕಾವಲು ಹಾಕ್ತಾರೆ?”

ಕಟ್ಟಳೆಯ ಒಳಗೇ ಒಂದು ಸಂದು ಹುಡುಕಿದೆ ಎಂದು ಅವನಿಗೆ ಒಂದಿಷ್ಟು ಹೆಮ್ಮೆಯೂ ಆಗಿತ್ತು. ಜೀವಮಾನವಿಡೀ ನೇರ ಗೆರೆ ಎಳೆದವನು ಮಾಡಬಹುದಾದ ತಪ್ಪು ಇದು. ಗೆರೆಯ ಈಚೆಯದನ್ನು ಈಚೆ, ಆಚೆಯದನ್ನು ಆಚೆ ಇಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಅವನು ನಿಜವಾಗಿಯೂ ನಂಬಿದ್ದ. ಅಜ್ಜಿ ಆ ದಿನ ಒಲೆ ಹಚ್ಚಲಿಲ್ಲ. ಮಾರನೇ ದಿನ ಬೆಳಿಗ್ಗೆ, “ಆಯ್ತು, ನಡೀರಿ” ಎಂದಳು.

ಜಾಗ ಮುಚ್ಚುವ ಶಾಸ್ತ್ರ ನೋಡಲು ಊರೇ ಏರಿಗೆ ಬಂದಿತ್ತು. ಅದಕ್ಕೂ ಮೊದಲು ಸಾಲು ಕಾಯುವವರು ಅವರ ಮನೆಗೆ ಹೋಗಿ ಮಗಳ ಬಟ್ಟೆ, ಬಳೆ, ಊಟದ ತಟ್ಟೆ, ಗೋಡೆಗೆ ಕೊರೆದ ಅವಳ ಎತ್ತರದ ಗೀಟುಗಳು, ಎಲ್ಲವನ್ನೂ ನೋಡಿ, ಒಯ್ಯುವುದನ್ನು ಒಯ್ದು, ಅಳಿಸುವುದನ್ನು ಅಳಿಸಿದ್ದರು. ಗೋಡೆಗೆ ಸುಣ್ಣ ಬಳಿದವನು ಅಜ್ಜನೇ. ಬೇರೆಯವರು ಬಳಿದರೆ ಗೋಡೆ ಕಲೆಕಲೆಯಾಗುತ್ತದೆ ಎಂದನಂತೆ.

ಏರಿಯ ಮೇಲೆ ಅಜ್ಜ ಮೊದಲು ಹೇಳಿದ: “ಇಲ್ಲಿ ಯಾರೂ ನಿಂತಿರಲಿಲ್ಲ.” ಅವನ ದನಿ ಗಟ್ಟಿಯಾಗಿಯೇ ಇತ್ತು. ಯಜಮಾನ ಅಜ್ಜಿಯ ಕಡೆ ತಿರುಗಿದ. ಯಜಮಾನ ಕಾದ, ಊರು ಕಾಯಿತು. ಖಾಲಿ ಜಾಗದ ಆಚೆ ಹುಡುಗಿ ಒಂಟಿಕಾಲಲ್ಲಿ ನಿಂತು ಈ ಮುದುಕಿಯನ್ನೇ ನೋಡುತ್ತಿದ್ದಳು. ಅವಳನ್ನು ನೋಡುತ್ತಲೇ ಅಜ್ಜಿ ಹೇಳಿದಳು: “ಇಲ್ಲಿ ಯಾರೂ ನಿಂತಿರಲಿಲ್ಲ.”

ಆಮೇಲೆ ಹೆಜ್ಜೆ ಇಡಬೇಕು. ಅಜ್ಜಿ ಕಾಲೆತ್ತಿ ಆ ಖಾಲಿ ಜಾಗದಲ್ಲಿಟ್ಟಳು. ಇಟ್ಟವಳೇ ತಟ್ಟನೆ ಬಗ್ಗಿ ನೆಲ ಮುಟ್ಟಿ ಕೈ ಕಣ್ಣಿಗೊತ್ತಿಕೊಂಡಳು, ಯಾರಿಗೋ ಕಾಲು ತಾಗಿಸಿದವರ ಹಾಗೆ. ಸಾಲು ಕಾಯುವವನು ಯಜಮಾನನ ಮುಖ ನೋಡಿದ. ಯಜಮಾನ ಅದನ್ನು ಕಾಣದವನಂತೆ ಕೆರೆಯ ಕಡೆ ನೋಡುತ್ತಿದ್ದ. ಅಜ್ಜಿ ಕೈ ನೀಡಿದಳು. ಹುಡುಗಿ ಅಪ್ಪನ ಮುಖ ನೋಡಿ, ಅವನು ತಲೆಯಾಡಿಸಿದ ಮೇಲೆ, ತನ್ನ ಕೈ ಕೊಟ್ಟಳು. ಆ ಕೈ ಬೆಚ್ಚಗಿತ್ತು, ಸ್ವಲ್ಪ ಬೆಲ್ಲದ ಅಂಟಿತ್ತು.

ಹುಣ್ಣಿಮೆಯ ಮಾರನೇ ದಿನ ಗಂಟೆಯವಳು ಹುಡುಗಿಯನ್ನು ಮಂಟಪಕ್ಕೆ ಕರೆತಂದಳು. ಗಂಟೆಯವಳು ಎಂದರೆ ಇಂಥ ಭೇಟಿಗಳಿಗೆ ಕಾವಲಿರುವವಳು. ಕಂಬದ ನೆರಳು ಮಂಟಪದ ಮೆಟ್ಟಿಲು ಮುಟ್ಟಿದಾಗ ಕೈಗಂಟೆ ಬಡಿಯುವುದು, ಮಗುವನ್ನು ವಾಪಸ್ಸು ಕರೆದೊಯ್ಯುವುದು ಅವಳ ಕೆಲಸ. ನಡುವೆ ಆಡಬಾರದ ಮಾತು ಬಂದರೆ ಆಗಲೇ ಬಡಿಯಬೇಕು. ಅವಳು ಅತ್ತ ಮುಖ ಮಾಡಿ ಕೂರುತ್ತಾಳೆ, ಕಿವಿ ಮಾತ್ರ ಇತ್ತ.

ಅಜ್ಜಿ ಎಳ್ಳುಂಡೆ ಮಾಡಿ ತಂದಿದ್ದಳು. ಹುಡುಗಿ ಒಂದನ್ನು ಕಚ್ಚಿ, ಕಣ್ಣರಳಿಸಿ, “ನಂಗೆ ಎಳ್ಳುಂಡೆ ಇಷ್ಟ ಅಂತ ನಿಮಗೆ ಹೇಗೆ ಗೊತ್ತಾಯ್ತು?” ಎಂದಳು.

ಅಜ್ಜಿಗೆ ಗೊತ್ತಾಗದೆ ಏನು? ಹೀಗೇ ಒಬ್ಬಳು ಡಬ್ಬಿ ಖಾಲಿ ಮಾಡಿ, ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ಇಡುತ್ತಿದ್ದಳು. ಅಜ್ಜ ಕೆಮ್ಮಿದ. ಅಜ್ಜಿ, “ಹೀಗೇ ಅಂದಾಜು ಮಾಡಿದೆ, ಪುಟ್ಟಿ” ಎಂದಳು.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಅಜ್ಜ ಸುಣ್ಣದ ಕಲ್ಲಿನಿಂದ ಮಂಟಪದ ನೆಲಕ್ಕೆ ಕುಂಟೆಬಿಲ್ಲೆಯ ಮನೆ ಬರೆದುಕೊಟ್ಟ. ಅಂಥ ನೇರ ಮನೆ ಊರಲ್ಲಿ ಯಾವ ಮಕ್ಕಳಿಗೂ ಇರಲಿಲ್ಲ. ಹುಡುಗಿ ಅದರಲ್ಲಿ ಕುಂಟುತ್ತ ನಗುತ್ತಿದ್ದಳು. ನಕ್ಕಾಗ ಮೂಗಿನ ಮೇಲೆ ಮೂರು ಗೆರೆ ಮೂಡುತ್ತಿದ್ದವು. ಅಜ್ಜಿ ಆ ಗೆರೆಗಳನ್ನು ನೋಡಿ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದಳು. ಕೂತಾಗ ಹುಡುಗಿ ಒಂದು ಕಾಲು ಮಡಚಿ ಅದರ ಮೇಲೆ ಗಲ್ಲ ಊರುತ್ತಿದ್ದಳು. ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಕೆಮ್ಮುತ್ತಿದ್ದ. ಅವಳ ಜಡೆ ಹೆಣೆಯುವಾಗ ನೆತ್ತಿಯ ಸುಳಿ ಕಂಡಿತು, ಎಡಕ್ಕೆ ತಿರುಗಿದ ಸುಳಿ. ಅಜ್ಜ ಮತ್ತೆ ಕೆಮ್ಮಿದ.

“ಅಜ್ಜಂಗೆ ಯಾವಾಗ್ಲೂ ಕೆಮ್ಮು. ಕಷಾಯ ಮಾಡಿಕೊಡಿ ಅಜ್ಜೀ” ಎಂದಳು ಹುಡುಗಿ.

ಆದರೆ ಹುಡುಗಿ ಬರುತ್ತಿದ್ದುದು ಎಳ್ಳುಂಡೆಗಲ್ಲ, ಕುಂಟೆಬಿಲ್ಲೆಗೂ ಅಲ್ಲ. ಇದು ಅವರಿಬ್ಬರಿಗೂ ತಡವಾಗಿ ತಿಳಿಯಿತು. ಮನೆಯಲ್ಲಿರುವವಳು ಹೆತ್ತಮ್ಮನಲ್ಲ ಎಂಬುದು ಅವಳಿಗೆ ಯಾವಾಗಲೋ ಗೊತ್ತಾಗಿತ್ತು. ಅದನ್ನೆಲ್ಲ ಮಕ್ಕಳಿಂದ ಮುಚ್ಚಿಡುವುದು ಯಾವ ಕಟ್ಟಳೆಗೂ ಸಾಧ್ಯವಿಲ್ಲ. ಆದರೆ ಕೇಳಿದರೆ ಹೇಳುವವರು ಇರಲಿಲ್ಲ. ಅಪ್ಪ ಎದ್ದು ಹೋಗುತ್ತಿದ್ದ. ಅಪ್ಪನ ತಾಯಿ ಗದರುತ್ತಿದ್ದಳು. ಚಿಕ್ಕಮ್ಮ, ಪಾಪ, ತಲೆ ಸವರಿ ಸುಮ್ಮನಾಗುತ್ತಿದ್ದಳು. ಊರವರಿಗೆ ಹಕ್ಕಿಲ್ಲ. ಈಗ ಎಲ್ಲಿಂದಲೋ ಒಬ್ಬ ಅಜ್ಜಿ ಬಂದು ಕೈ ಹಿಡಿದಾಗ ಆ ಹುಡುಗಿ ಎಣಿಸಿದ್ದೇ ಬೇರೆ. ಇವರು ಹೇಳುತ್ತಾರೆ ಎಂದುಕೊಂಡು ಬಂದಿದ್ದಳು. ಪ್ರತಿ ಸಲವೂ ಅದನ್ನೇ ಕಾಯುತ್ತಿದ್ದಳು.

ಒಂದು ಭೇಟಿಯಲ್ಲಿ ಕೇಳಿಯೇಬಿಟ್ಟಳು. “ಅಜ್ಜೀ, ನಮ್ಮಮ್ಮ ಹೇಗಿದ್ಲು?”

ಗಂಟೆಯವಳ ಬೆನ್ನು ನೆಟ್ಟಗಾಯಿತು. ಅಜ್ಜ ಕೆಮ್ಮಿದ. ಅಜ್ಜಿ, “ನಂಗೆ ಗೊತ್ತಿಲ್ಲ, ಪುಟ್ಟಿ” ಎಂದಳು. ಹೇಳಿ ಸೆರಗಿನ ತುದಿಯನ್ನು ಬಾಯೊಳಗೆ ತುರುಕಿಕೊಂಡಳು.

ಅದರ ಮುಂದಿನ ಹುಣ್ಣಿಮೆಗೂ ಅದೇ ಪ್ರಶ್ನೆ, ಅದೇ ಕೆಮ್ಮು, ಅದೇ ಉತ್ತರ. ಅದರ ಮುಂದಿನದಕ್ಕೂ. ಹುಡುಗಿ ಕುಂಟೆಬಿಲ್ಲೆ ಆಡುವುದು ಬಿಟ್ಟಳು. ಎಳ್ಳುಂಡೆ ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದಳು, ತಿನ್ನುತ್ತಿರಲಿಲ್ಲ. ನೆರಳು ಮೆಟ್ಟಿಲು ಮುಟ್ಟಿತೇ ಎಂದು ಈಗ ಅವಳೇ ತಿರುಗಿ ತಿರುಗಿ ನೋಡುತ್ತಿದ್ದಳು. ಮನೆಗೆ ಹೋಗುವಾಗ ಅಜ್ಜಿ ಗಂಡನಿಗೆ, “ಎದೇಲಿ ಇಟ್ಕೊಳ್ಳೋಣ ಅಂದ್ರಲ್ಲ, ಇಟ್ಕೊಂಡಿದ್ದೀವಿ. ಮಗೂಗೆ ಏನು ಸಿಕ್ತು?” ಎಂದಳು. ಅವತ್ತು ಅವನಿಗೆ ನಿಜವಾಗಿಯೂ ಕೆಮ್ಮು ಬಂದಿತ್ತು.

ಕೊನೆಯ ಭೇಟಿಯ ದಿನ ಹುಡುಗಿ ಬಂದವಳು ಕೂರಲೇ ಇಲ್ಲ. ಮಂಟಪದ ಕಂಬಕ್ಕೆ ಒರಗಿ ನಿಂತು, ಬಹಳ ದಿನದಿಂದ ಯೋಚಿಸಿಟ್ಟುಕೊಂಡದ್ದನ್ನು ಕೇಳಿದಳು.

“ಅಜ್ಜಿ ಅಂದ್ರೆ ಅಪ್ಪನ ಅಮ್ಮ, ಇಲ್ಲಾಂದ್ರೆ ಅಮ್ಮನ ಅಮ್ಮ. ಅಲ್ವಾ?”

“ಹೂಂ” ಎಂದಳು ಅಜ್ಜಿ.

“ಅಪ್ಪನ ಅಮ್ಮ ಮನೇಲಿದ್ದಾರೆ. ನಮ್ಮಮ್ಮ ನಿಮಗೆ ಗೊತ್ತೇ ಇಲ್ಲ. ಮತ್ತೆ ನೀವು ನಂಗೆ ಹೇಗೆ ಅಜ್ಜಿ ಆಗ್ತೀರಾ?”

ಅಜ್ಜಿ ಎಳ್ಳುಂಡೆಯ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದಳು.

“ಸುಳ್ಳು ಅಜ್ಜಿ” ಎಂದಳು ಹುಡುಗಿ. ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕ ಬಿಡಿಸಿ ಉತ್ತರ ಹೇಳುವವರ ಹಾಗೆ ಹೇಳಿದಳು. “ನಾನು ಮುಂದಿನ ಸಲ ಬರಲ್ಲ. ಅಪ್ಪಂಗೆ ಹೇಳ್ತೀನಿ. ಬರಲ್ಲ ಅಂದ್ರೆ ಕಳಿಸಲ್ಲ ಅಪ್ಪ.”

ಇನ್ನು ಏನು ಉಳಿಯಿತು ಹೇಳಿ. ಬಾಯಿ ಮುಚ್ಚಿಕೊಂಡರೆ ಮಗು ತಾನಾಗೇ ಹೋಗುತ್ತದೆ. ಬಾಯಿ ಬಿಟ್ಟರೆ ಕಟ್ಟಳೆ ಕಿತ್ತುಕೊಳ್ಳುತ್ತದೆ. ಹೇಗೂ ಹೋಗುವ ಮಗು ಖಾಲಿ ಕೈಯಲ್ಲಿ ಹೋಗುವುದು ಬೇಡ ಎಂದು ಅಜ್ಜಿಗೆ ಅನ್ನಿಸಿರಬೇಕು. ಅಥವಾ ಹಾಗೆಲ್ಲ ಏನೂ ಯೋಚಿಸದೆ, ‘ಸುಳ್ಳು ಅಜ್ಜಿ’ ಎನ್ನಿಸಿಕೊಂಡ ಸಂಕಟಕ್ಕೇ ಬಾಯಿ ಬಿಟ್ಟಿರಬಹುದು. ಅವಳು ಹುಡುಗಿಯನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

“ದೇವೀರಿ” ಎಂದಳು. “ನಿಮ್ಮಮ್ಮನ ಹೆಸರು ದೇವೀರಿ. ನನ್ನ ಮಗಳು. ನಿನ್ನ ಥರಾನೇ ಕಾಲು ಮಡಚ್ಕೊಂಡು ಕೂರ್ತಿದ್ಲು.”

ಗಂಟೆಯವಳು ಗಂಟೆ ಎತ್ತಿದಳು. ಎತ್ತಿದ ಗಂಟೆ ಬಡಿಯಲಿಲ್ಲ. ಆಮೇಲೆ ನ್ಯಾಯಕಟ್ಟೆಯಲ್ಲಿ ಯಾಕೆ ಬಡಿಯಲಿಲ್ಲ ಎಂದು ಕೇಳಿದ್ದಕ್ಕೆ, “ನಂಗೂ ಕೇಳ್ಬೇಕು ಅನ್ನಿಸ್ತು” ಎಂದಳಂತೆ, ಅದಕ್ಕೇ ಅವಳ ಕೆಲಸ ಹೋಯಿತು. ಅವಳು ಅಲ್ಲಿ ಒಪ್ಪಿಸಿದ್ದೇ ನನಗೆ ತಿಳಿದಿರುವುದು. ಸತ್ತವಳ ಬಗ್ಗೆ ನಾನೇನೂ ಹೇಳುತ್ತಿಲ್ಲ, ಅಜ್ಜಿ ಹೇಳಿದ್ದನ್ನು ಹೇಳುತ್ತಿದ್ದೇನೆ, ಅಷ್ಟೇ.

“ಅವಳಿಗೂ ಎಳ್ಳುಂಡೆ ಅಂದ್ರೆ ಪ್ರಾಣ. ಅವಳಿಗೂ ನೆತ್ತಿ ಸುಳಿ ಎಡಕ್ಕೇ. ನಕ್ಕರೆ ಮೂಗು ಹೀಗೆ ಸುಕ್ಕಾಗ್ತಿತ್ತು, ನೋಡು, ನಿಂದೂ ಹೀಗೇ. ಮಹಾ ತುಂಟಿ. ನಿನ್ನಷ್ಟೇ ಇದ್ದಾಗ ಒಂದಿನ ಹುಣಸೆಮರ ಹತ್ತಿ ತುದೀಲಿ ಕೂತ್ಬಿಟ್ಟಿದ್ಲು...”

“ಹುಣಸೆಮರ ಅಲ್ಲ ಕಣೇ” ಎಂದ ಅಜ್ಜ.

ಅಜ್ಜಿ ತಿರುಗಿ ನೋಡಿದಳು. ಅವನು ಕೆಮ್ಮಿರಲಿಲ್ಲ. ಅವನ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಆದರೂ ಮುಖದಲ್ಲಿ ಗೆರೆ ಡೊಂಕಾದಾಗ ಬರುವ ಅದೇ ಸಿಡುಕು.

“ನೇರಳೆಮರ ಅದು. ಬಾಯೆಲ್ಲ ನೇರಳೆ ಬಣ್ಣ ಆಗಿತ್ತಲ್ಲ, ಹುಣಸೆಕಾಯಿ ತಿಂದ್ರೆ ಬಾಯಿ ಹಾಗಾಗುತ್ತಾ? ಹೇಳೋದಾದ್ರೆ ಸರಿಯಾಗಿ ಹೇಳು.”

“ಹುಣಸೆಮರಾನೇ ಕಣ್ರೀ, ಬಾವಿ ಹತ್ರದ್ದು.”

“ಬಾವಿ ಹತ್ರ ಇದ್ದದ್ದೇ ನೇರಳೆಮರ! ನಾನಲ್ವೇನೇ ಏಣಿ ತಂದಿದ್ದು?”

“ತಂದ್ರಿ, ಮೋಟು ಏಣಿ. ಅರ್ಧಕ್ಕೂ ಸಾಲ್ಲಿಲ್ಲ.”

ಹುಡುಗಿ ಕಿಸಕ್ಕನೆ ನಕ್ಕಳು. ಆ ಮಂಟಪದಲ್ಲಿ ಅವಳು ನಕ್ಕು ಎಷ್ಟೋ ಹುಣ್ಣಿಮೆಗಳಾಗಿದ್ದವು. ಅಜ್ಜನ ಮೊಣಕಾಲು ಅಲುಗಿಸಿ, “ಆಮೇಲೆ?” ಎಂದಳು.

“ಆಮೇಲೆ ಏನು, ಊರೇ ಸೇರ್ತು. ನಿಮ್ಮಜ್ಜಿ ಕೆಳಗೆ ಸೆರಗು ಹರಡಿಕೊಂಡು ನಿಂತ್ಲು, ಬಿದ್ರೆ ಹಿಡಿಯೋಕೆ. ಆ ಸೆರಗಲ್ಲಿ ಒಂದು ಹಲಸಿನಹಣ್ಣು ಬಿದ್ರೂ ನಿಲ್ತಿರಲಿಲ್ಲ.”

“ನೀವು ಬೈದ್ರಲ್ಲ, ಅದಕ್ಕೇ ಇನ್ನೂ ಮೇಲೆ ಹೋದ್ಲು” ಎಂದಳು ಅಜ್ಜಿ.

“ಬೈದೆ. ತಪ್ಪು. ಬೈಬಾರದಿತ್ತು. ಮೇಲಿಂದಾನೇ ಕೂಗಿ ಹೇಳಿದ್ಲು, ಯಾರೂ ಹತ್ತಬೇಡಿ, ಯಾರ ಹೆಗಲ ಮೇಲೂ ನಾನು ಇಳಿಯಲ್ಲ ಅಂತ. ಕೊಂಬೆ ಬೇರೆ ತೆಳು. ಗಾಳಿ ಬಂದ್ರೆ ಹೀಗೆ ತೂಗೋದು...”

ಅಜ್ಜ ಕೈಯೆತ್ತಿ ಕೊಂಬೆ ತೂಗುವುದನ್ನು ತೋರಿಸಿದ. ಹುಡುಗಿ ಬಾಯಿ ತೆರೆದುಕೊಂಡು ಆ ಕೈಯನ್ನೇ ನೋಡುತ್ತಿದ್ದಳು, ಅದರ ತುದಿಯಲ್ಲಿ ಅವಳ ಅಮ್ಮ ಕೂತಿದ್ದಾಳೆ ಎನ್ನುವ ಹಾಗೆ. ಕಂಬದ ನೆರಳು ಮೆಟ್ಟಿಲು ಮುಟ್ಟಿ ಆಗಲೇ ಕೆಳಗಿನ ಮೆಟ್ಟಿಲಿಗೂ ಇಳಿದಿತ್ತು. ಗಂಟೆಯವಳಿಗೆ ಇನ್ನು ತಡೆಯುವುದು ಸಾಧ್ಯವಿರಲಿಲ್ಲ. ಕಣ್ಣು ಮುಚ್ಚಿಕೊಂಡು ಗಂಟೆ ಬಡಿದಳು.

ಗಂಟೆ ಬಡಿದರೆ ಮುಗಿಯಿತು. ಇನ್ನು ಒಂದು ಮಾತೂ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ದಾಟುವಂತಿಲ್ಲ. ಗಂಟೆಯವಳು ಕೇಳಿದ್ದನ್ನು ಕೇಳಿದಂತೆ ನ್ಯಾಯಕಟ್ಟೆಯಲ್ಲಿ ಒಪ್ಪಿಸಲೇಬೇಕು. ಇನ್ನು ಈ ಜನ್ಮದಲ್ಲಿ ಈ ಹುಡುಗಿಯ ಕೈ ಇಲ್ಲ, ಮುಚ್ಚಿದ ಜಾಗವೂ ಮತ್ತೆ ತೆರೆಯುವುದಿಲ್ಲ. ಮಗಳೂ ಹೋದಳು, ಮೊಮ್ಮಗಳೂ ಹೋದಳು. ಇದು ಮೂವರು ದೊಡ್ಡವರಿಗೂ ಗೊತ್ತಿತ್ತು. ಹುಡುಗಿಗೆ ಮಾತ್ರ ಗೊತ್ತಿರಲಿಲ್ಲ. ಅಜ್ಜಿ ಅವಳ ತಲೆಯನ್ನು ಎದೆಗೊತ್ತಿಕೊಂಡು, ನೆತ್ತಿಯ ಸುಳಿಯ ಮೇಲೆ ಮೂಗಿಟ್ಟು ಒಮ್ಮೆ ಉಸಿರೆಳೆದುಕೊಂಡು ಬಿಟ್ಟುಕೊಟ್ಟಳು.

ಗಂಟೆಯವಳು ಹುಡುಗಿಯ ಕೈ ಹಿಡಿದು ಏರಿಯ ದಾರಿಯಲ್ಲಿ ನಡೆದಳು. ಹುಡುಗಿ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತ ಕುಪ್ಪಳಿಸುತ್ತಲೇ ಹೋದಳು. ದಾರಿ ತಿರುಗುವ ಕಡೆ ನಿಂತು ಕೂಗಿದಳು.

“ಅಜ್ಜೀ! ಆಮೇಲೆ ಏನಾಯ್ತು? ಅಮ್ಮ ಇಳಿದ್ಲಾ?”

ಗಂಟೆಯವಳೂ ನಿಂತಳು. ಅಜ್ಜಿ ಬಾಯಿ ತೆರೆದಳು. ಎರಡು ಕೈಯನ್ನೂ ಎತ್ತಿ ಏನೋ ಸನ್ನೆ ಮಾಡಲು ಹೋದಳು. ಅಷ್ಟರಲ್ಲಿ ಗಂಟೆಯವಳು ಹುಡುಗಿಯ ಹೆಗಲ ಮೇಲೆ ಕೈಯಿಟ್ಟು 'ನಡಿ' ಎಂದಳು. ಇಬ್ಬರೂ ತಿರುವು ದಾಟಿ ಮರೆಯಾದರು.

ಆಗ ಅಜ್ಜ ಎದ್ದ. ಜೀವಮಾನದಲ್ಲಿ ಒಂದು ಗೆರೆಯನ್ನೂ ದಾಟದ ಮನುಷ್ಯ ಮಂಟಪದ ಮೆಟ್ಟಿಲಿಳಿದು ಏರಿಯ ನಡುಮಧ್ಯಕ್ಕೆ ಬಂದು, ಕೈಗಳನ್ನು ಬಾಯಿಗೆ ಒಡ್ಡಿ ಕೂಗಿದ.

“ಇಳಿದ್ಲು ಮಗಾ! ಯಾರೂ ಇಳಿಸಲಿಲ್ಲ, ಅವಳೇ ಇಳಿದ್ಲು! ಒಬ್ಬಳೇ ಇಳಿದ್ಲು!”

ಎದುರುಗಾಳಿ ಬೀಸುತ್ತಿತ್ತು. ಅವಳಿಗೆ ಕೇಳಿಸಿತೋ ಇಲ್ಲವೋ ಹೇಳುವವರು ಯಾರೂ ಇಲ್ಲ. ಅಜ್ಜಿ ಬಂದು ಅವನ ತೋಳು ಹಿಡಿದು, “ಸಾಕು ಬನ್ರೀ, ಹೊರಟುಹೋದ್ಲು” ಎಂದಳು. ಅವನು ಖಾಲಿ ದಾರಿಯ ಕಡೆ ಮುಖ ಮಾಡಿ ಇನ್ನೂ ಕೂಗುತ್ತಲೇ ಇದ್ದ.